ಪುಸ್ತಕ ಮುಗಿಸಿಯೇ ಮಾತಾಡಬೇಕಂತೆ!

ನಮಸ್ಕಾರ, ನಮಸ್ಕಾರ. ಇವತ್ತು ನೇರವಾಗಿ ಜಗಳಕ್ಕೇ ಬರುತ್ತೇನೆ. ಕಳೆದ ಸಂಚಿಕೆಯಲ್ಲಿ ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಓದುತ್ತಿದ್ದೇನೆ, ಅರ್ಧ ಆಗಿದೆ ಅಂತ ಹೇಳಿದ್ದೆ. ಕೆಳಗೆ ಒಬ್ಬ ಮಹನೀಯರು ಬರೆದಿದ್ದಾರೆ: 'ಮೊದಲು ಪೂರ್ತಿ ಓದಿ ಸ್ವಾಮಿ, ಆಮೇಲೆ ಬಂದು ಮಾತಾಡಿ. ಇದೆಲ್ಲ ಬರೀ ಶೋಕಿ.' ಅದಕ್ಕೆ ಲೈಕ್ ಬೇರೆ! ನನ್ನ ವಿಡಿಯೋಗಿಂತ ಜಾಸ್ತಿ.

ನಾನು ಹೇಳುವುದು ಇಷ್ಟೇ. ಪುಸ್ತಕದ ಬಗ್ಗೆ ಮಾತಾಡಬೇಕಾದದ್ದು ಓದುತ್ತಿರುವಾಗಲೇ.

ಕಾದಂಬರಿಯಲ್ಲಿ ಬರುವ ನಾಯಿಗುತ್ತಿಯ ನಾಯಿ ಹುಲಿಯನನ್ನೇ ನೋಡಿ. ಈ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ರಾತ್ರಿಯಿಡೀ ಆಡಿದರು, ಒಂಬತ್ತು ಗಂಟೆಯ ನಾಟಕ, ಸಿ. ಬಸವಲಿಂಗಯ್ಯನವರ ನಿರ್ದೇಶನ. ಆಮೇಲೆ ಬೆಂಗಳೂರಿಗೂ ಬಂತು, ನಾನು ನೋಡಿದ್ದು ಅಲ್ಲಿ. ಹಾಗಾಗಿ ತುಂಬಿದ ತುಂಗೆಯಲ್ಲಿ ಹುಲಿಯನಿಗೆ ಏನಾಗುತ್ತದೆ ಅಂತ ನನಗೆ ಮೊದಲೇ ಗೊತ್ತು. ಗೊತ್ತಿದ್ದೂ, ಆ ನಾಯಿ ಗುತ್ತಿಯ ಜೊತೆ ಕಾಡುದಾರಿಯಲ್ಲಿ ಹೊರಟರೆ ಸಾಕು, ಹೊಟ್ಟೆ ಕಲಸುತ್ತದೆ. 'ಬೇಡ ಕಣೋ, ನೀನು ಮನೇಲೇ ಇರು' ಅಂತ ಪುಸ್ತಕಕ್ಕೆ ಹೇಳುತ್ತೇನೆ. ಹೆಂಡತಿ ತಿರುಗಿ ನೋಡುತ್ತಾಳೆ. ಈ ಸಂಕಟ ಈಗ ಇದೆ. ಮುಗಿಸಿದ ಮೇಲೆ ಏನು ಉಳಿಯುತ್ತದೆ? 'ಕುವೆಂಪು ಅವರ ಮೇರು ಕೃತಿ, ಎಲ್ಲರೂ ಓದಲೇಬೇಕು.' ಇದನ್ನು ಓದದೆಯೂ ಹೇಳಬಹುದು. ಎಷ್ಟೋ ಜನ ಹಾಗೇ ಹೇಳಿಕೊಂಡು ಓಡಾಡುತ್ತಿದ್ದಾರೆ!

ಮೊನ್ನೆ ಬಸ್ಸಿನಲ್ಲಿ ಇದೇ ಕಾದಂಬರಿಯ ದೇವಯ್ಯನ ಬೈಸಿಕಲ್ಲಿನ ಭಾಗ ಓದುತ್ತಿದ್ದೆ. ಊರವರ ಬಾಯಲ್ಲಿ ಅದು ಬೀಸೇಕಲ್ಲು. ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿ 'ಏನಪ್ಪಾ ಅದು?' ಅಂದರು. ಅವರಿಗೆ ಏನು ಹೇಳಬೇಕಿತ್ತು? 'ತಡೀರಿ ಅಜ್ಜಿ, ಇನ್ನೂ ಮುನ್ನೂರು ಪುಟ ಇದೆ, ಮುಗಿಸಿ ಹೇಳ್ತೀನಿ' ಅಂತಲಾ? ಅಜ್ಜಿ ಇಳಿಯುವುದು ಮುಂದಿನ ಸ್ಟಾಪ್!

ನಮ್ಮಲ್ಲಿ ಓದು ಯಾವಾಗ ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಆಗಿತ್ತು ಹೇಳಿ. ಗಮಕ ಅಂದರೆ ಏನು ಮತ್ತೆ? ಒಬ್ಬರು ರಾಗವಾಗಿ ಓದುತ್ತಾರೆ, ಪಕ್ಕದವರು ಅಲ್ಲಲ್ಲೇ ವ್ಯಾಖ್ಯಾನ ಮಾಡುತ್ತಾರೆ. ನಾಲ್ಕು ಪದ್ಯ, ಮಾತು. ಮತ್ತೆ ನಾಲ್ಕು ಪದ್ಯ, ಮತ್ತೆ ಮಾತು. ಶಿವಮೊಗ್ಗದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರಿಗೂ 'ಮೊದಲು ಮನೆಯಲ್ಲಿ ಓದಿ ಮುಗಿಸಿ ಬನ್ನಿ' ಅನ್ನುತ್ತಿದ್ದರೇನೋ ಈ ಮಹನೀಯರು. ಅಷ್ಟೇ ಯಾಕೆ, ಕುಮಾರವ್ಯಾಸನೇ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ್ದಾನೆ. ಉಳಿದದ್ದನ್ನು ತಿಮ್ಮಣ್ಣ ಕವಿ ಬರೆದ. ಬರೆದವನೇ ಮುಗಿಸಿಲ್ಲ, ಓದುವವನಿಗೆ ಏನ್ರೀ ಅರ್ಜೆಂಟು?

ವಾರಪತ್ರಿಕೆ ಧಾರಾವಾಹಿಗಳನ್ನೂ ಮರೆತಿರಾ? 'ಸುಧಾ', 'ತರಂಗ' ಮನೆಗೆ ಬಂದರೆ ಮೊದಲು ಯಾರಿಗೆ ಅಂತ ಕಿತ್ತಾಟ. ಮುಂದಿನ ವಾರದ ಕಂತು ಬರುವವರೆಗೆ ನಲ್ಲಿ ಹತ್ತಿರ, ಬಸ್ ಸ್ಟಾಪಿನಲ್ಲಿ ಅದೇ ಮಾತು. ಅವಳು ಅವನನ್ನು ಮದುವೆಯಾಗುತ್ತಾಳಾ, ಇಲ್ವಾ? ಆ ಪುಟಗಳನ್ನು ಹರಿದು, ಜೋಡಿಸಿ, ದಾರದಲ್ಲಿ ಹೊಲಿದು ಇಟ್ಟುಕೊಳ್ಳುತ್ತಿದ್ದರು. ಮುಗಿದ ಮೇಲೆ ಮಾತಾಡುತ್ತೇವೆ ಅಂತ ಯಾರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿರಲಿಲ್ಲ.

'ಸ್ಪಾಯ್ಲರ್ ಆಗುತ್ತೆ' ಅನ್ನುವವರು ಇದ್ದಾರೆ. 1967ರ ಕಾದಂಬರಿಗೆ ಸ್ಪಾಯ್ಲರ್! ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿಲ್ಲದೆ ಜನ ಬೆಳಗಿನ ಜಾವದವರೆಗೆ ಚಾಪೆ ಮೇಲೆ ಕೂತಿರುತ್ತಾರಾ? 'ಮುಗಿಸಿದ ಮೇಲೆ ಅಭಿಪ್ರಾಯ ಬದಲಾದರೆ?' ಬದಲಾಗಲಿ ಬಿಡಿ! ನಾನೇನು ಕೋರ್ಟಿನಲ್ಲಿ ಕೂತಿದ್ದೇನಾ? ಅಂದ ಹಾಗೆ, ಆ ಕಾಮೆಂಟ್ ಬಂದದ್ದು ವಿಡಿಯೋ ಹಾಕಿದ ಎರಡು ನಿಮಿಷಕ್ಕೆ. ವಿಡಿಯೋ ಇರುವುದು ಹದಿನೆಂಟು ನಿಮಿಷ. ಪೂರ್ತಿ ನೋಡಿ ಮಾತಾಡಿ ಸ್ವಾಮಿ!

ಮೆಂಬರ್‌ಶಿಪ್ ಶುರು ಮಾಡಿದ್ದೇವೆ, ಗೊತ್ತಲ್ವಾ? ಸೇರಿದವರಿಗೆ ಒಂದು ಬುಕ್‌ಮಾರ್ಕ್ ಕಳಿಸುತ್ತೇವೆ. ಅರ್ಧಕ್ಕೆ ಇಟ್ಟವರಿಗೇ ಅದು ಬೇಕಾಗುವುದು, ಮುಗಿಸಿದವರಿಗೆ ಏನಕ್ಕೆ?

ಎಲ್ಲಿದ್ದೆ? ಹಾಂ. ಅರ್ಧದಲ್ಲೇ ಮಾತಾಡಿ. ಕಾಲುಭಾಗದಲ್ಲಿ ಮಾತಾಡಿ. ಮುನ್ನುಡಿ ಓದಿ ಮಾತಾಡಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಪುಸ್ತಕಕ್ಕೆ ಚೌಕಾಸಿ ಮಾಡುವಾಗಲೇ ಅಂಗಡಿಯವನ ಹತ್ತಿರ ಮಾತಾಡಿ, ಹತ್ತು ರೂಪಾಯಿ ಕಡಿಮೆಯಾದರೂ ಆಗಬಹುದು. ಯಾಕೆ ಅಂತ ಕೇಳಬೇಡಿ. ಮಾತಾಡಿ, ಅಷ್ಟೇ!

ಅಲ್ಲಿ ಕಾದಂಬರಿಯಲ್ಲಿ ಮದುವೆಯ ರಾತ್ರಿ ಚಿನ್ನಮ್ಮ ಮನೆಬಿಟ್ಟು ಕಾಡಿಗೆ ಹೊರಟಿದ್ದಾಳೆ, ನಾನು ಇಲ್ಲಿ ಮೈಕ್ ಮುಂದೆ ಕೂತಿದ್ದೇನೆ. ಇದು ನ್ಯಾಯವಾ? ಮುಂದಿನ ವಾರ ಪೂರ್ತಿ ಅವಳದೇ ಸುದ್ದಿ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ನಾನು ಹೊರಟೆ.