ಆ ‘ಎಸ್’ ಹಾಕಬೇಡಿ

ನಮಸ್ಕಾರ. ಒಂದು ಇಂಗ್ಲಿಷ್ ವಾಕ್ಯ ಕೇಳಿ. ‘ದ ಡಾಕ್ಟರ್ ಸಜೆಸ್ಟೆಡ್ ದಟ್ ಹಿ ಟೇಕ್ ರೆಸ್ಟ್.’ ‘ಹಿ’ ಇದ್ದ ಮೇಲೆ ‘ಟೇಕ್ಸ್’ ಬರಬೇಕು, ಇಲ್ಲವೇ ‘ಟುಕ್’ ಆಗಬೇಕು ಅನ್ನಿಸುತ್ತದೆ, ಅಲ್ವಾ? ತಿದ್ದಬೇಡಿ. ಇರುವುದೇ ಸರಿ.

ಸಜೆಸ್ಟ್, ರೆಕಮೆಂಡ್, ಇನ್ಸಿಸ್ಟ್, ಡಿಮ್ಯಾಂಡ್ ಇಂಥವುಗಳಿಂದ ‘ಹೀಗಾಗಲಿ’ ಎಂದು ಹೇಳುವಾಗ, ‘ದಟ್’ ಆದಮೇಲೆ ಕ್ರಿಯಾಪದ ಬರಿಮೈಯಲ್ಲೇ ಬರುತ್ತದೆ. ಹಿ ಗೋ, ಶಿ ಬಿ. ಬೇಡ ಅನ್ನುವುದಕ್ಕೂ ‘ಡಸ್’ ಬೇಕಿಲ್ಲ: ದಟ್ ಹಿ ನಾಟ್ ಗೋ. ಇದರ ಹೆಸರು ಸಬ್‌ಜಂಕ್ಟಿವ್. ಹೆಸರು ಮರೆತರೂ ನಷ್ಟವಿಲ್ಲ.

ನಮ್ಮಲ್ಲಿ ಗದರಿಸುವುದೆಲ್ಲ ‘ಸಜೆಸ್ಟ್ ಮಿ ಎ ಗುಡ್ ಬುಕ್’ ಅಂದದ್ದಕ್ಕೆ. ಹೌದು, ಆ ‘ಮಿ’ ಬೇಡ. ‘ಸಜೆಸ್ಟೆಡ್ ಮಿ ಟು ಗೋ’ ಕೂಡ ಸಲ್ಲದು. ಆದರೆ ‘ನನಗೊಂದು ಪುಸ್ತಕ ಹೇಳಿ’ ಅಂದು ಬೆಳೆದ ನಾಲಿಗೆಗೆ ಅದು ತಾನಾಗಿ ಬರುತ್ತದೆ. ಕೇಳಿದವರಿಗೆ ಅರ್ಥವೂ ಆಗುತ್ತದೆ. ಸುಮ್ನೆ ಯಾಕೆ ನಗಬೇಕು? ಅರ್ಥವೇ ತಿರುಗಿಬೀಳುವುದು ಬೇರೆ ಕಡೆ. ಅದನ್ನು ಹೇಳಿಕೊಡುವವರು ಕಡಿಮೆ.

‘ಹಿ ಇನ್ಸಿಸ್ಟ್ಸ್ ದಟ್ ಶಿ ಪೇ ದ ರೆಂಟ್.’ ಅವಳು ಬಾಡಿಗೆ ಕಟ್ಟಲೇಬೇಕು ಅಂತ ಪಟ್ಟು. ‘ಶಿ ಪೇಸ್ ದ ರೆಂಟ್’ ಅಂದರೆ? ಅವಳು ಕಟ್ಟುತ್ತಾಳೆ, ನನ್ನ ಮಾತು ನಂಬಿ ಅಂತ ವಾದ. ಮೊದಲನೆಯದರಲ್ಲಿ ಅವನು ವಸೂಲಿಗೆ ಬಂದವನು, ಎರಡನೆಯದರಲ್ಲಿ ಅವಳ ಪರ ಸಾಕ್ಷಿ. ನಡುವೆ ಇರುವುದು ಒಂದು ಎಸ್! ಬ್ರಿಟಿಷರಲ್ಲಿ ಕೆಲವರು ಪಟ್ಟು ಹಿಡಿಯುವಾಗಲೂ ‘ಪೇಸ್’ ಅನ್ನುತ್ತಾರೆ. ಆಗ ಸಂದರ್ಭ ನೋಡಿ ಊಹಿಸಬೇಕು. ಅದಕ್ಕೇ ನನ್ನ ಓಟು ಎಸ್ ಇಲ್ಲದ ರೂಪಕ್ಕೆ.

ಹಾಗಂತ ಎಲ್ಲ ಕಡೆ ಎಸ್ ಕಿತ್ತುಹಾಕಬೇಡಿ. ‘ದ ಎಕ್ಸ್-ರೇ ಸಜೆಸ್ಟ್ಸ್ ದಟ್ ಶಿ ಹ್ಯಾಸ್ ಎ ಫ್ರ್ಯಾಕ್ಚರ್.’ ಇಲ್ಲಿ ‘ಹ್ಯಾಸ್’ ಬೇಕೇ ಬೇಕು. ‘ಹ್ಯಾವ್’ ಅಂದರೆ ‘ಮೂಳೆ ಮುರಿದುಕೊಳ್ಳಮ್ಮಾ’ ಅಂತ ಎಕ್ಸ್-ರೇ ಸಲಹೆ ಕೊಟ್ಟಂತಾಗುತ್ತದೆ.

ಇನ್ನು ‘ಶುಡ್’. ಬರಿ ಕ್ರಿಯಾಪದದ ಹಿಂದೆ ಅದನ್ನು ಸೇರಿಸಿಯೂ ಹೇಳುವುದುಂಟು. 1961ರಲ್ಲಿ ಅಚ್ಚಾದ ಅಮೆರಿಕನ್ ಬರಹಗಳನ್ನು ಬ್ರೌನ್ ಸಂಗ್ರಹದಲ್ಲೂ, ಅದೇ ವರ್ಷದ ಬ್ರಿಟಿಷ್ ಬರಹಗಳನ್ನು ಎಲ್‌ಒಬಿ ಸಂಗ್ರಹದಲ್ಲೂ ಕೂಡಿಸಿಟ್ಟಿದ್ದಾರೆ. ಹೋಲಿಸಿದರೆ, ಅಮೆರಿಕದಲ್ಲಿ ‘ಹಿ ಗೋ’ ಜಾಸ್ತಿ, ಬ್ರಿಟನ್‌ನಲ್ಲಿ ‘ಹಿ ಶುಡ್ ಗೋ’ ಜಾಸ್ತಿ. ಆಮೇಲೆ ಬ್ರಿಟನ್ನಿನಲ್ಲೂ ಶುಡ್ ಇಲ್ಲದ ರೂಪ ಹೆಚ್ಚಿತು. ಎರಡೂ ಸರಿ.

ಬರೆಯುವಾಗ ಅನುಮಾನ ಬಂದರೆ ‘ಶುಡ್’ ಸೇರಿಸಿ ಓದಿ. ಹೇಳಬೇಕೆಂದಿದ್ದ ಅರ್ಥ ಹಾಗೇ ಉಳಿದರೆ ಎಸ್ ತೆಗೆಯಿರಿ, ಕೆಟ್ಟರೆ ಎಸ್ ಇರಲಿ.