ಜೆಸಿಬಿ ನಿಂತ ಮ್ಯಾಲಿನ ಮೊದಲ ತಾಸು

ಶಹಾಪುರ, ಸುರಪುರ, ಹುಣಸಗಿ, ಜೇವರ್ಗಿ ಸೀಮೆಯಾಗ ಪಾಯ ತೋಡೋರಿಗೆ, ಕಾಲುವೆ ತಗಿಯೋರಿಗೆ, ಮರಂ ಎತ್ತೋರಿಗೆ ಈ ಮಾತು. ನಿಮ್ಮ ಬಕೆಟಿನ ಕೆಳಗ ಎರಡು-ಮೂರು ಸಾವಿರ ವರ್ಷದ ಗೋರಿ ಇರಬಹುದು. ರಾಜನಕೋಳೂರಿನ ಕಲ್ಲುಗೋರಿ, ಜೇವರ್ಗಿಯ ಕಲ್ಲುಗುಪ್ಪೆಗಳ ಬಗ್ಗೆ ಸುರಪುರದಾಗ ಇದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1850ರ ದಶಕದಾಗನ ಬರೆದಿಟ್ಟಾರ. ಇದೇ ಸೀಮೆಯ ಬೂದಿಹಾಳದಾಗ ಪುರಾತತ್ವ ತಜ್ಞ ಕೆ. ಪದ್ದಯ್ಯ ಅವರ ಉತ್ಖನನದಾಗ ಇನ್ನೂ ಹಳೇವು, ಕಬ್ಬಿಣ ಬರೋಕ್ಕಿಂತ ಮೊದಲಿನ ನವಶಿಲಾಯುಗದ ಮಕ್ಕಳ ಸಮಾಧಿ ಸಿಕ್ಕವು.

ಗುರುತು ಹ್ಯಾಂಗ? ನೆಲದ ಮ್ಯಾಲ ದುಂಡಗ ಕೂಡಿಸಿದ ಗುಂಡುಗಲ್ಲು, ನಡುವ ಸಣ್ಣ ಕಲ್ಲಿನ ದಿಬ್ಬ. ತೋಡಿದಾಗ ನೆಟ್ಟಗ ನಿಂತ ಚಪ್ಪಡಿ, ಒಳಗ ಕರಿ, ಹೊರಗ ಕೆಂಪು ಬಣ್ಣದ ಮಡಕಿ ಚೂರು, ತುಕ್ಕು ಹಿಡಿದ ಕಬ್ಬಿಣ. ಇಷ್ಟು ಕಂಡರ ಬಕೆಟ್ ಮ್ಯಾಲ ಎತ್ತಿ ಮಷಿನ್ ಹಿಂದಕ್ಕ ಸರಸ್ರಿ.

ಹೆಚ್ಚಿನದು ಕೆಡೋದು ಇದಾದ ಮ್ಯಾಲನ. ಎರೆಮಣ್ಣು ಮಳಿಗೆ ಉಬ್ಬಿ ಬ್ಯಾಸಿಗಿಗೆ ಬಿರಿತದ. ಹಂಗಾಗಿ ಎಲುಬು ಒಳಗಿದ್ದಾಗನ ಸೀಳಿರ್ತದ. ಬಿಸಿಲಿಗೆ ಬಂತಂದ್ರ ಒಮ್ಮೆಲೆ ಒಣಗಿ ಪುಡಿ ಆಗ್ತದ. ನೀರು ಹಾಕಿ ತೊಳೀಬ್ಯಾಡ್ರಿ. ಎಳೀಬ್ಯಾಡ್ರಿ. ನೆರಳು ಮಾಡಿ, ತೆಳು ಹತ್ತಿ ಬಟ್ಟಿ ಹಾಸಿ, ಅದರ ಮ್ಯಾಲ ಅದೇ ಕುಣಿಯ ಸಡಿಲ ಮಣ್ಣು ಮುಚ್ಚರಿ. ಪ್ಲಾಸ್ಟಿಕ್ ಬ್ಯಾಡ, ಕೆಳಗ ಬೆವತು ಬೂಷ್ಟು ಹಿಡೀತದ. ತಲೆಬುರುಡಿ ಮುಟ್ಟಬ್ಯಾಡ್ರಿ, ಡಿಎನ್‌ಎ ಚೊಲೋ ಉಳಿಯೋದು ಕಿವಿಯ ಒಳಗಿನ ಗಟ್ಟಿ ಎಲುಬಿನಾಗ, ಬರಿಗೈ ತಾಗಿದರ ನಿಮ್ಮ ಡಿಎನ್‌ಎ ಅದರಾಗ ಕೂಡತದ.

ಮುಚ್ಚೋಕ್ಕಿಂತ ಮೊದಲ ಪಕ್ಕದಾಗ ಅಳತೆ ಟೇಪ್ ಇಟ್ಟು ಫೋಟೋ ತಗೀರಿ, ಉತ್ತರ ಯಾವ ಕಡೆ, ಆಳ ಎಷ್ಟು, ಬರದಿಡ್ರಿ. ಆ ಜಾಗದಿಂದ ಎತ್ತಿದ ಮಣ್ಣು ಟಿಪ್ಪರ್‌ಗೆ ಹಾಕಬ್ಯಾಡ್ರಿ, ಬ್ಯಾರೆ ಗುಡ್ಡಿ ಮಾಡ್ರಿ. ಹಲ್ಲು, ಮಣಿ, ಇದ್ದಲು ಎಲ್ಲಾ ಅದರಾಗ ಇರ್ತಾವ, ಜರಡಿ ಹಿಡಿದರ ಸಿಗ್ತಾವ.

ಆಮ್ಯಾಲ ಜಿಲ್ಲಾಧಿಕಾರಿಗೆ, ರಾಜ್ಯ ಪುರಾತತ್ವ ಇಲಾಖೆಗೆ ಬರವಣಿಗಿಯಾಗ ತಿಳಸ್ರಿ. ನೆಲದಾಗ ಹುದುಗಿದ ಬೆಲೆಯುಳ್ಳ ವಸ್ತು ಸಿಕ್ಕರ ಜಿಲ್ಲಾಧಿಕಾರಿಗೆ ತಿಳಿಸಬೇಕಂತ 1962ರ ಕರ್ನಾಟಕ ನಿಧಿ ಕಾಯ್ದೆನ ಹೇಳತದ. 'ನಿಧಿ ಸಿಕ್ಕದ' ಅನ್ನೋ ಸುದ್ದಿ ಹಬ್ಬೂಕಿಂತ ಮೊದಲ ತಿಳಸ್ರಿ, ಯಾಕಂದ್ರ ರಾತ್ರಿ ಬಂದು ತೋಡೋರು ಬರೇ ಬಂಗಾರ ಹುಡುಕತಾರ. ಈ ಗೋರಿಗಳ ಬೆಲೆ ಇರೋದು ಯಾವ ವಸ್ತು ಯಾವುದರ ಪಕ್ಕ, ಎಷ್ಟು ಆಳದಾಗ ಇತ್ತು ಅನ್ನೋದರಾಗ.

ಇಷ್ಟೆಲ್ಲಾ ಗೊತ್ತಿದ್ದೂ ಗುತ್ತಿಗೆದಾರ ಯಾಕ ಮುಚ್ಚಿಹಾಕತಾನ? ಕೆಲಸ ನಿಂತರ ದಂಡ ಅವನಿಗೆ, ಜೆಸಿಬಿ ಬಾಡಗಿನೂ ಅವನಿಗೆ. ಅವನನ್ನ ಕಳ್ಳ ಅನ್ನೋದು ಸರಿ ಅಲ್ಲ. ಈ ತಾಲೂಕುಗಳ ಟೆಂಡರಿನಾಗನ ಒಂದು ಷರತ್ತು ಬರೀಬೇಕು: ಗೋರಿ ಸಿಕ್ಕರ ನಿಂತ ದಿನಗಳನ್ನ ಗಡುವಿಗೆ ಕೂಡಿಸಬೇಕು, ಮಷಿನ್ ಬಾಡಗಿ ಎಸ್ಟಿಮೇಟಿನಾಗ ಇರಬೇಕು. ಪಾಯದ ಗುರುತು ಹಾಕೂ ಮೊದಲ ಒಬ್ಬ ಪುರಾತತ್ವ ತಜ್ಞ ಜಾಗ ನಡೆದು ನೋಡಲಿ. ಕಲ್ಲಿನ ದುಂಡು ಕಂಡರ ನಕ್ಷೆಯನ್ನ ಹತ್ತಡಿ ಸರಸೋದಕ್ಕ ಆವಾಗ ಖರ್ಚು ಭಾಳ ಕಡಿಮಿ, ಕಾಲಂ ಎದ್ದ ಮ್ಯಾಲ ಅದು ಆಗದ ಮಾತು.