ಟಾಮ್‌ಕ್ಯಾಟ್ ಮತ್ತು ವರ್ಚುಯಲ್ ಮಷೀನ್ ಜೊತೆಗಿರುವಾಗ

ಕೇಳುಗರಿಗೆ ನಮಸ್ಕಾರ.

ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಇನ್ನೊಂದನ್ನು, ಅಂದರೆ ವರ್ಚುಯಲ್ ಮಷೀನನ್ನು, ನಡೆಸುವುದು ಸಾಮಾನ್ಯ ಪ್ರೋಗ್ರಾಮರುಗಳ ಕೈಗೆಟುಕಿದ್ದು 1999ರಲ್ಲಿ, ವಿಎಂವೇರ್ ವರ್ಕ್‌ಸ್ಟೇಷನ್ ಎಂಬ ತಂತ್ರಾಂಶ ಬಂದಾಗ. 2005ರಿಂದ ಇಂಟೆಲ್ ಪ್ರೊಸೆಸರುಗಳೇ ಅದಕ್ಕೆ ನೆರವಾಗತೊಡಗಿದವು. ಇಂದು ಜಾವಾದಲ್ಲಿ ಬರೆದ ವೆಬ್ ತಂತ್ರಾಂಶಗಳನ್ನು ನಡೆಸುವ ಟಾಮ್‌ಕ್ಯಾಟ್‌ನಂತಹ ಆ್ಯಪ್ಲಿಕೇಷನ್ ಸರ್ವರನ್ನು ನೇರವಾಗಿ ಲ್ಯಾಪ್‌ಟಾಪಿನಲ್ಲಿ, ಡೇಟಾಬೇಸನ್ನು ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶ ನಡೆಸುವ ವರ್ಚುಯಲ್ ಮಷೀನಿನೊಳಗಿನ ಲಿನಕ್ಸ್‌ನಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ಯಂತ್ರ ತೆವಳತೊಡಗಿದರೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮಾತು ಬರುತ್ತದೆ. ಕೊಳ್ಳುವ ಮುನ್ನ ಮೆಮೊರಿಯ ಲೆಕ್ಕ ಹಾಕಿ. ಸಾಲ ಮಾಡಿ ಲ್ಯಾಪ್‌ಟಾಪ್ ಕೊಂಡ ವಿದ್ಯಾರ್ಥಿಗಳಿಗಂತೂ ಇದನ್ನು ಒತ್ತಿ ಹೇಳುತ್ತೇನೆ.

16 ಜಿಬಿ ಮೆಮೊರಿ ಇದೆ ಎನ್ನೋಣ. ವರ್ಚುಯಲ್ ಮಷೀನಿಗೆ 8 ಕೊಟ್ಟಿರಿ. ಉಳಿದದ್ದು 8. ಈಗ ಮಿತಿಯನ್ನೇನೂ ಹೇಳದೆ ಟಾಮ್‌ಕ್ಯಾಟ್ ಆರಂಭಿಸಿದರೆ, ಅದನ್ನು ನಡೆಸುವ ಜಾವಾ, ಲ್ಯಾಪ್‌ಟಾಪಿನ ಒಟ್ಟು ಮೆಮೊರಿಯ ಕಾಲು ಭಾಗದವರೆಗೆ, ಅಂದರೆ 4 ಜಿಬಿವರೆಗೆ, ತನ್ನ ಹೀಪ್, ಅಂದರೆ ದತ್ತಾಂಶದ ವಸ್ತುಗಳನ್ನು ಇಡುವ ಮೆಮೊರಿ, ಬೆಳೆಯಬಹುದೆಂದು ಭಾವಿಸುತ್ತದೆ. ಉಳಿದದ್ದರ ಕಾಲು ಭಾಗವಲ್ಲ, ಒಟ್ಟಿನ ಕಾಲು ಭಾಗ. ಪಕ್ಕದಲ್ಲಿ 8 ಜಿಬಿ ಈಗಾಗಲೇ ಹಂಚಿಹೋಗಿದೆ ಎಂಬುದನ್ನು ಅದು ಗಣಿಸುವುದೇ ಇಲ್ಲ. ಇಂತಹ ಎರಡು ಸರ್ವರುಗಳು ನಡೆಯುತ್ತಿದ್ದರೆ ಬ್ರೌಸರಿಗೂ ಎಡಿಟರಿಗೂ ಜಾಗ ಉಳಿಯುವುದಿಲ್ಲ. ಹೀಪ್ ಬೆಳೆಯುವುದು ನಿಧಾನವಾಗಿ. ಹಾಗಾಗಿ ಬೆಳಿಗ್ಗೆ ಚುರುಕಾಗಿದ್ದ ಯಂತ್ರ ಮಧ್ಯಾಹ್ನ ಸೋಲುತ್ತದೆ.

ಮೆಮೊರಿ ಸಾಲದಾದಾಗ ಆಪರೇಟಿಂಗ್ ಸಿಸ್ಟಮ್ ಒಂದಷ್ಟನ್ನು ಡಿಸ್ಕಿಗೆ ಸಾಗಿಸುತ್ತದೆ. ಎಷ್ಟೋ ತಂತ್ರಾಂಶಗಳು ಇದನ್ನು ತಾಳಿಕೊಳ್ಳುತ್ತವೆ. ಬಳಸದ ಭಾಗ ಡಿಸ್ಕಿನಲ್ಲಿ ಬಿದ್ದಿದ್ದರೆ ಅವಕ್ಕೆ ನಷ್ಟವಿಲ್ಲ. ಜಾವಾ ತಾಳದು. ಬೇಡವಾದ ಮೆಮೊರಿಯನ್ನು ತೆರವುಗೊಳಿಸುವ ಅದರ ಕಸ ಸಂಗ್ರಾಹಕ ಹೀಪನ್ನು ಪೂರ್ತಿ ಶುಚಿಗೊಳಿಸುವಾಗ ಬಳಕೆಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ಮುಟ್ಟಿ ನೋಡುತ್ತದೆ. ಡಿಸ್ಕಿಗೆ ಹೋದದ್ದೆಲ್ಲ ಆಗ ಮರಳಿ ಬರಬೇಕು. ಪರದೆ ಹೆಪ್ಪುಗಟ್ಟಿದಂತೆ ನಿಲ್ಲುವುದು ಆ ಹೊತ್ತಿನಲ್ಲೇ. ಆದ್ದರಿಂದ ಜಾವಾದ ಎಕ್ಸ್‌ಎಂಎಕ್ಸ್ (-Xmx) ಆಯ್ಕೆಯಲ್ಲಿ ಹೀಪಿನ ಮಿತಿಯನ್ನು ನೀವೇ ಬರೆಯಿರಿ. ಕಲಿಕೆಯ ಸಣ್ಣ ಅಪ್ಲಿಕೇಷನ್‌ಗಳಿಗೆ 512 ಎಂಬಿ ಸಾಮಾನ್ಯವಾಗಿ ಸಾಕು. ಬರಿಯ ಡೇಟಾಬೇಸ್ ಇರುವ, ಚಿತ್ರಪರದೆ ಇಲ್ಲದ ಲಿನಕ್ಸ್‌ಗೆ 8 ಜಿಬಿ ಬೇಕಿಲ್ಲ. 2 ಕೊಟ್ಟು ನೋಡಿ.

ಇನ್ನು ವಿಳಾಸದ ಗೊಂದಲ. ಲೋಕಲ್‌ಹೋಸ್ಟ್ ಎಂದರೆ ‘ಇದೇ ಯಂತ್ರ’ ಎಂಬ ವಿಳಾಸ. ಹಾಗಾಗಿ ವರ್ಚುಯಲ್ ಮಷೀನಿನೊಳಗೆ ಅದು ಆ ಮಷೀನೇ ಹೊರತು ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೊದಲಿಗೆ ಲೋಕಲ್‌ಹೋಸ್ಟ್‌ನಿಂದ ಬಂದ ಕರೆಗೆ ಮಾತ್ರ ಓಗೊಡುತ್ತದೆ. ಪೋರ್ಟ್ ಫಾರ್ವರ್ಡ್ (ಲ್ಯಾಪ್‌ಟಾಪಿನ ಒಂದು ಪೋರ್ಟಿಗೆ, ಅಂದರೆ ಸಂಖ್ಯೆಯಿಂದ ಗುರುತಿಸುವ ಬಾಗಿಲಿಗೆ, ಬಂದ ಕರೆಯನ್ನು ವರ್ಚುಯಲ್ ಮಷೀನಿಗೆ ಸಾಗಿಸುವುದು) ಸರಿಯಾಗಿದ್ದರೂ ಟಾಮ್‌ಕ್ಯಾಟ್‌ಗೆ ಸಂಪರ್ಕ ಸಿಗದಿರುವುದು ಸಾಮಾನ್ಯವಾಗಿ ಇದರಿಂದಲೇ. ಡೇಟಾಬೇಸಿನ ಸಂರಚನೆಯಲ್ಲಿ ಕಿವಿಗೊಡಬೇಕಾದ ವಿಳಾಸವನ್ನೂ ಒಳಗೆ ಬಿಡಬೇಕಾದವರ ಪಟ್ಟಿಯನ್ನೂ ಬದಲಿಸಬೇಕು. ಒಳಗೊಂದು, ಹೊರಗೊಂದು ಟಾಮ್‌ಕ್ಯಾಟ್ ಇದ್ದು, ಎರಡೂ 8080 ಪೋರ್ಟಿನಲ್ಲಿದ್ದರೆ ಜಗಳವಿಲ್ಲ. ಪೋರ್ಟ್ ಫಾರ್ವರ್ಡ್‌ನಲ್ಲಿ ಒಳಗಿನದನ್ನು ಹೊರಗಿನ 8081ಕ್ಕೆ ತಂದರಾಯಿತು.

ಪೋರ್ಟ್ ಫಾರ್ವರ್ಡ್ ಮಾಡುವಾಗ ವರ್ಚುಯಲ್‌ಬಾಕ್ಸ್‌ನಲ್ಲಿ ಹೋಸ್ಟ್ ವಿಳಾಸದ ಜಾಗವನ್ನು ಖಾಲಿ ಬಿಡಬೇಡಿ. ಬಿಟ್ಟರೆ, ಫೈರ್‌ವಾಲ್ ತಡೆಯದ ಹೊರತು, ಹಾಸ್ಟೆಲಿನ ಅಥವಾ ಕಚೇರಿಯ ವೈಫೈನಲ್ಲಿರುವ ಯಾರು ಬೇಕಾದರೂ ನಿಮ್ಮ ಡೇಟಾಬೇಸಿನ ಬಾಗಿಲು ತಟ್ಟಬಹುದು. ಅಲ್ಲಿ 127.0.0.1, ಅಂದರೆ ಲ್ಯಾಪ್‌ಟಾಪಿನ ಲೋಕಲ್‌ಹೋಸ್ಟ್, ಎಂದು ಬರೆಯಿರಿ.